ನಾಲ್ಕು ಕೆಬಿಯಿಂದ ಫೋಲಿಯೋವರೆಗೆ: ಲಿನಕ್ಸ್‌ನ ಪೇಜ್ ಕ್ಯಾಶ್ ಬಗ್ಗೆ ಒಂದಿಷ್ಟು ಮಾತು

(ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಓಟವನ್ನು ಹೆಚ್ಚು ತಿದ್ದಿಲ್ಲ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ವೇದಿಕೆ ಹತ್ತುವ ಮುಂಚೆ ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಹುಡುಗರೊಬ್ಬರು ಲ್ಯಾಪ್‌ಟಾಪ್ ತೆರೆದುಕೊಂಡೇ ಬಂದರು. "ಸರ್, ನಂದು 16 ಜಿಬಿ ರ್ಯಾಮ್. ಬ್ರೌಸರ್ ಮುಚ್ಚಿದೀನಿ. ಆದ್ರೂ ಖಾಲಿ ಇರೋದು ಒಂದೇ ಜಿಬಿ ಅಂತ ತೋರಿಸ್ತಿದೆ. ಲಿನಕ್ಸ್ ರ್ಯಾಮ್ ನುಂಗ್ತಿದೆಯಾ?" ಟರ್ಮಿನಲ್ಲಿನಲ್ಲಿ 'ಫ್ರೀ' ಕಮಾಂಡು ಕೊಟ್ಟಿದ್ದರು. 'ಬಫ್/ಕ್ಯಾಶ್' ಎನ್ನುವ ಕಾಲಮ್ಮಿನಲ್ಲಿ 11 ಜಿಬಿ ಇತ್ತು. ನಾನು ಅದರ ಪಕ್ಕದ 'ಅವೈಲಬಲ್' ಕಾಲಮ್ಮಿನ ಮೇಲೆ ಬೆರಳಿಟ್ಟು, ನೋಡಬೇಕಾದ್ದು ಇದನ್ನು ಅಂದೆ. ಇವತ್ತಿನ ಮಾತೆಲ್ಲ ಆ 11 ಜಿಬಿಯ ಬಗ್ಗೆಯೇ.

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ ತೋರಿಸಿದೆ. ದೊಡ್ಡದೊಂದು ವಿಡಿಯೋ ಫೈಲನ್ನು ಓದಿಸಿದೆ, ಎಲ್ಲರೂ ಸ್ವಲ್ಪ ಹೊತ್ತು ಕಾದೆವು. ಅದೇ ಫೈಲನ್ನು ಎರಡನೇ ಸಲ ಓದಿಸಿದಾಗ ಎಂಟರ್ ಒತ್ತಿದ ಬೆರಳು ಮೇಲೇಳುವಷ್ಟರಲ್ಲಿ ಪ್ರಾಂಪ್ಟು ವಾಪಸ್ ಬಂತು. ಡಿಸ್ಕಿಗೆ ಹೋಗಲೇ ಇಲ್ಲ. ಒಮ್ಮೆ ಓದಿದ್ದನ್ನು ಕರ್ನಲ್, ಅಂದರೆ ಲಿನಕ್ಸ್‌ನ ಒಳತಿರುಳು, ರ್ಯಾಮಿನಲ್ಲಿ ಎತ್ತಿಟ್ಟುಕೊಂಡಿತ್ತು. ಹೀಗೆ ಎತ್ತಿಟ್ಟ ಜಾಗಕ್ಕೆ ಪೇಜ್ ಕ್ಯಾಶ್ ಅಂತ ಹೆಸರು. ಬೇರೆ ಯಾವುದಾದರೂ ಪ್ರೋಗ್ರಾಮು ಜಾಗ ಕೇಳಿದರೆ ಕರ್ನಲ್ ಇದನ್ನು ಬಿಟ್ಟುಕೊಡುತ್ತದೆ. ಸುಮ್ಮನೆ ಖಾಲಿ ಬಿದ್ದ ರ್ಯಾಮಿಗಿಂತ ಹಳೆಯ ಫೈಲು ತುಂಬಿದ ರ್ಯಾಮು ಮೇಲು ಎನ್ನುವ ಲೆಕ್ಕಾಚಾರ.

ಇಲ್ಲಿಯವರೆಗೆ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಆ ಕ್ಯಾಶನ್ನು ಎಷ್ಟೆಷ್ಟು ದೊಡ್ಡ ತುಂಡುಗಳಲ್ಲಿ ಇಟ್ಟುಕೊಳ್ಳಬೇಕು ಅನ್ನೋದು ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಇಂಟೆಲ್ 80386 ಪ್ರೊಸೆಸರ್ ಬಂದದ್ದು 1985ರಲ್ಲಿ. ಮೆಮೊರಿಯನ್ನು ಅದು ಪುಟ, ಅಂದರೆ ಪೇಜ್, ಎನ್ನುವ ಸಮ ತುಂಡುಗಳಾಗಿ ನೋಡುತ್ತದೆ. ಅದರ ಪುಟದ ಗಾತ್ರ 4096 ಬೈಟು, ಅಂದರೆ 4 ಕೆಬಿ. ಆಗಿನ ಯಂತ್ರದಲ್ಲಿ 4 ಎಂಬಿ ರ್ಯಾಮ್ ಇದ್ದರೆ ಒಟ್ಟು 1024 ಪುಟ. ಆರಾಮಾಗಿ ಲೆಕ್ಕ ಇಡಬಹುದು. ಲಿನಕ್ಸ್ ಹುಟ್ಟಿದ್ದೂ 386ರ ಮೇಲೆಯೇ. ಈಗ ನಿಮ್ಮ ಬ್ಯಾಗಿನಲ್ಲಿರುವ 16 ಜಿಬಿ ಲ್ಯಾಪ್‌ಟಾಪಿನಲ್ಲೂ ಪುಟ ಅಷ್ಟೇ, 4 ಕೆಬಿ. ಪುಟಗಳ ಸಂಖ್ಯೆ ಮಾತ್ರ 41,94,304. ಒಂದೊಂದು ಪುಟಕ್ಕೂ ಕರ್ನಲ್ 'ಸ್ಟ್ರಕ್ಟ್ ಪೇಜ್' ಅಂತ 64 ಬೈಟಿನ ಒಂದು ಚೀಟಿ ಬರೆದಿಟ್ಟುಕೊಂಡಿರುತ್ತದೆ. ಈ ಪುಟ ಯಾವ ಫೈಲಿನದು, ಎಷ್ಟು ಜನ ಬಳಸುತ್ತಿದ್ದಾರೆ, ಬದಲಾಗಿದೆಯೇ, ಬೀಗ ಬಿದ್ದಿದೆಯೇ ಅಂತೆಲ್ಲ. ಬರೀ ಚೀಟಿಗಳಿಗೇ 256 ಎಂಬಿ ಹೋಯಿತು.

ಜಾಗ ಹೋದರೆ ಹೋಗಲಿ, 256 ಎಂಬಿ ಇವತ್ತು ಏನು ಮಹಾ ಅನ್ನಬಹುದು. ಚೀಟಿ ಬರೆಯುವ, ತಿದ್ದುವ, ಹುಡುಕುವ ಸಮಯವೇ ನಿಜವಾದ ಖರ್ಚು. 1 ಜಿಬಿ ಫೈಲನ್ನು ಓದಿದರೆ 2,62,144 ಸಲ ಪುಟ ಕೇಳಬೇಕು, ಅಷ್ಟೂ ಸಲ ಕ್ಯಾಶಿನ ಮರಕ್ಕೆ ಸೇರಿಸಬೇಕು, ಹೊರಹಾಕುವ ಸರದಿ ಪಟ್ಟಿಗೆ ನೇತುಹಾಕಬೇಕು, ಆಮೇಲೆ ಜಾಗ ಬೇಕಾದಾಗ ಒಂದೊಂದನ್ನೇ ಎತ್ತಿ ನೋಡಿ ಬಿಡಬೇಕು. ಅಕ್ಕಿ ಮೂಟೆಯನ್ನು ಲಾರಿಯಿಂದ ಇಳಿಸಲು ಪಾವಿನಲ್ಲಿ ಅಳೆದು ಅಳೆದು ತಂದ ಹಾಗೆ. ಡಿಸ್ಕು ನಿಧಾನ ಇದ್ದ ಕಾಲಕ್ಕೆ ಈ ಖರ್ಚು ಕಣ್ಣಿಗೆ ಬೀಳುತ್ತಿರಲಿಲ್ಲ. ಡಿಸ್ಕಿನ ಮುಳ್ಳು ತಿರುಗಿ ಬರುವಷ್ಟರಲ್ಲಿ ಸಿಪಿಯು ಎಷ್ಟು ಚೀಟಿ ಬೇಕಾದರೂ ಬರೆಯಬಹುದಿತ್ತು. ಎನ್‌ವಿಎಂಇ ಎನ್ನುವ ಅತಿವೇಗದ ಡಿಸ್ಕು ಬಂದ ಮೇಲೆ ಕತೆ ತಿರುಗಿತು. ಡಿಸ್ಕು ಡೇಟಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದೆ, ಕರ್ನಲ್ ಇನ್ನೂ ಚೀಟಿ ಬರೆಯುತ್ತಿದೆ.

ಹಾಗಾದರೆ ಪುಟವನ್ನೇ ದೊಡ್ಡದು ಮಾಡಿದರಾಯಿತಲ್ಲ? ಹಾಗೆ ಮಾಡಿದವರಿದ್ದಾರೆ. ಆರ್ಮ್ 64-ಬಿಟ್ ಮತ್ತು ಐಬಿಎಂನ ಪವರ್ ಪ್ರೊಸೆಸರ್ ಇರುವ ಯಂತ್ರಗಳಲ್ಲಿ 64 ಕೆಬಿ ಪುಟದ ಕರ್ನಲ್ ಕಟ್ಟಬಹುದು. ತೊಂದರೆ ಏನೆಂದರೆ ಆಗ ಎಲ್ಲವೂ 64 ಕೆಬಿ. ಎರಡು ಸಾಲಿನ ಕಾನ್ಫಿಗ್ ಫೈಲು ಓದಿದರೂ 64 ಕೆಬಿ ರ್ಯಾಮ್ ಹೋಯಿತು. ಸಾವಿರಾರು ಸಣ್ಣ ಫೈಲುಗಳಿರುವ ಸೋರ್ಸ್ ಫೋಲ್ಡರ್ ಒಂದನ್ನು ಓದಿ ನೋಡಿ, ಕ್ಯಾಶಿನಲ್ಲಿ ಅರ್ಧಕ್ಕರ್ಧ ಗಾಳಿಯೇ ತುಂಬಿರುತ್ತದೆ. ರೆಡ್ ಹ್ಯಾಟ್‌ನವರು ಆರ್ಮ್ ಯಂತ್ರಗಳಿಗೆ ತಮ್ಮ ಲಿನಕ್ಸ್ ಆದ ಆರ್‌ಎಚ್‌ಇಎಲ್‌ನ 8ನೇ ಆವೃತ್ತಿಯಲ್ಲಿ 64 ಕೆಬಿ ಪುಟ ಕೊಟ್ಟು, 9ರಲ್ಲಿ ಮಾಮೂಲಿ ಕರ್ನಲ್ಲನ್ನು 4 ಕೆಬಿಗೆ ವಾಪಸ್ ತಂದರು.

ಇನ್ನೊಂದು ದಾರಿ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್. ಆಂಡ್ರಿಯಾ ಅರ್ಕಾಂಜೆಲಿ ಬರೆದದ್ದು, 2011ರಲ್ಲಿ ಕರ್ನಲ್ಲಿನ 2.6.38 ಆವೃತ್ತಿಗೆ ಸೇರಿತು. 512 ಪುಟ ಕಟ್ಟಿ ಒಂದೇ 2 ಎಂಬಿ ಪುಟ. ಅದು ಪ್ರೋಗ್ರಾಮುಗಳ ಸ್ವಂತ ಮೆಮೊರಿಗೆ, ಫೈಲಿನ ಕ್ಯಾಶಿಗಲ್ಲ. ಆಗ ಕೊಟ್ಟರೆ 2 ಎಂಬಿ, ಇಲ್ಲವಾದರೆ 4 ಕೆಬಿ, ನಡುವೆ ಏನೂ ಇರಲಿಲ್ಲ. ಹೆಸರಾಂತ ಡೇಟಾಬೇಸುಗಳ ಕೈಪಿಡಿಗಳೇ ಇದನ್ನು ಆಫ್ ಮಾಡಿ ಅಂತ ಬರೆಯುತ್ತಿದ್ದವು. ನಾನೂ ಎಷ್ಟೋ ಸರ್ವರುಗಳಲ್ಲಿ ಯಾಕೆ ಅಂತ ಪೂರ್ತಿ ಗೊತ್ತಿಲ್ಲದೆ ಆಫ್ ಮಾಡಿದ್ದೇನೆ, ಹಿರಿಯರು ಹೇಳಿದರು ಅಂತ.

ಈಗ ಕತೆಯ ನಡುವಿಗೆ ಬರೋಣ. ನನಗೆ ಬಹಳ ಇಷ್ಟವಾದ ಭಾಗ ಇದು, ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಹಲವು ಪುಟಗಳನ್ನು ಒಟ್ಟು ಕಟ್ಟುವುದು ಕರ್ನಲ್ಲಿಗೆ ಹೊಸದಲ್ಲ. ಕಾಂಪೌಂಡ್ ಪೇಜ್ ಅಂತ ಮೊದಲಿಂದ ಇತ್ತು. ಕಟ್ಟಿದ ಗುಂಪಿನಲ್ಲಿ ಮೊದಲನೆಯದು ಹೆಡ್ ಪೇಜ್, ಉಳಿದವೆಲ್ಲ ಟೇಲ್ ಪೇಜ್. ಎಣಿಕೆ, ಬೀಗ, ಹೆಚ್ಚಿನ ಗುರುತುಗಳು ಹೆಡ್ಡಿನ ಚೀಟಿಯಲ್ಲಿ ಇರುತ್ತವೆ. ಟೇಲ್‌ಗಳ ಚೀಟಿಯಲ್ಲಿ "ನನ್ನ ಹೆಡ್ ಅಲ್ಲಿದೆ" ಎನ್ನುವ ದಾರಿ ಮಾತ್ರ. ಚೀಟಿ ಮಾತ್ರ ಒಂದೇ ನಮೂನೆ. ನಿಮ್ಮ ಫಂಕ್ಷನ್ನಿಗೆ ಒಂದು 'ಸ್ಟ್ರಕ್ಟ್ ಪೇಜ್' ಬಂತು ಅಂದರೆ ಅದು ಒಂಟಿ ಪುಟವೋ, ಹೆಡ್ಡೋ, ಟೇಲೋ, ನೋಡಿದರೆ ಗೊತ್ತಾಗುವುದಿಲ್ಲ.

ಪಡಿತರ ಚೀಟಿಯ ಉದಾಹರಣೆ ಕೊಡುತ್ತೇನೆ. ಮನೆಯ ಯಜಮಾನಿ ಯಾರು ಅಂತ ಕಾರ್ಡಿನಲ್ಲಿ ಬರೆದಿರುತ್ತದಲ್ಲ. ಈಗ ಕಾರ್ಡು ಇಲ್ಲದ ಒಂದು ನ್ಯಾಯಬೆಲೆ ಅಂಗಡಿ ಊಹಿಸಿಕೊಳ್ಳಿ. ಮನೆಯಿಂದ ಯಾರೋ ಒಬ್ಬರು ಬಂದು ನಿಲ್ಲುತ್ತಾರೆ. ಹೆಬ್ಬೆಟ್ಟು ಹಾಕಿಸಿಕೊಳ್ಳುವವನು "ನಿಮ್ಮ ಯಜಮಾನಿ ಯಾರು?" ಅಂತ ಕೇಳಿ ಬರೆದುಕೊಳ್ಳುತ್ತಾನೆ. ತೂಕ ಮಾಡುವವನು ಮತ್ತೆ "ಯಜಮಾನಿ ಯಾರು?" ಅನ್ನುತ್ತಾನೆ. ರಸೀದಿ ಕೊಡುವವನೂ ಅದನ್ನೇ ಕೇಳುತ್ತಾನೆ. ಎದುರು ನಿಂತವರು ಸ್ವತಃ ಯಜಮಾನಿಯೇ ಆಗಿದ್ದರೂ ಪ್ರತಿ ಕಿಂಡಿಯಲ್ಲೂ ಅದೇ ಪ್ರಶ್ನೆ. ಕರ್ನಲ್ಲಿನಲ್ಲಿ ಈ ಪ್ರಶ್ನೆಯ ಹೆಸರು 'ಕಾಂಪೌಂಡ್ ಹೆಡ್'. ಪುಟದ ಎಣಿಕೆ ಏರಿಸಲು ಕರೆದರೆ ಒಳಗೆ ಒಮ್ಮೆ ಕೇಳುತ್ತದೆ, ಇಳಿಸಲು ಕರೆದರೆ ಮತ್ತೊಮ್ಮೆ, ಗುರುತು ಹಾಕುವಾಗ ಇನ್ನೊಮ್ಮೆ. ಕೋಡು ಓದುವಾಗ ಇದು ಕಾಣುವುದೇ ಇಲ್ಲ, ಮ್ಯಾಕ್ರೋಗಳ ಒಳಗೆ ಅಡಗಿರುತ್ತದೆ. ಸಮಯ ಹಾಳಾಗುವುದು ಒಂದು ಕಡೆ. ಯಾರಾದರೂ ಕೇಳಲು ಮರೆತರೆ ಟೇಲ್ ಪೇಜಿನ ಚೀಟಿಯಲ್ಲಿ ಬರೆದುಬಿಡುತ್ತಾರೆ, ಆಗ ಹುಟ್ಟುವ ಬಗ್ ಹಿಡಿಯಲು ವಾರಗಟ್ಟಲೆ ಬೇಕು.

ಒರಾಕಲ್‌ನಲ್ಲಿದ್ದ ಮ್ಯಾಥ್ಯೂ ವಿಲ್ಕಾಕ್ಸ್ 2020ರ ಡಿಸೆಂಬರಿನಲ್ಲಿ ಮುಂದಿಟ್ಟ ಉಪಾಯ ಕೇಳಿದರೆ ಇಷ್ಟೇನಾ ಅನಿಸುತ್ತದೆ. 'ಸ್ಟ್ರಕ್ಟ್ ಫೋಲಿಯೋ' ಅಂತ ಒಂದು ಹೊಸ ಟೈಪು. ಅದರ ಕರಾರು ಒಂದೇ: ಫೋಲಿಯೋ ಎಂದರೆ ಎಂದೂ ಟೇಲ್ ಪೇಜ್ ಅಲ್ಲ. ಒಂಟಿ ಪುಟವಿರಬಹುದು, ಹದಿನಾರು ಪುಟದ ಗುಂಪಿರಬಹುದು, ಆದರೆ ನಿಮ್ಮ ಕೈಗೆ ಬಂದಿರುವುದು ಯಜಮಾನಿಯದೇ ಕಾರ್ಡು. ಮತ್ತೆ ಕೇಳಬೇಡಿ. ಮೆಮೊರಿಯಲ್ಲಿ ಅದೇ ಬೈಟುಗಳು, ಅದೇ ಜಾಗ. ಹೆಸರು ಬೇರೆ ಆದದ್ದರಿಂದ ಕಂಪೈಲರ್ ಕಾವಲಿಗೆ ಬಂತು. ಫೋಲಿಯೋ ಕೇಳುವ ಕಡೆ ಪೇಜ್ ಕೊಟ್ಟರೆ ಕಂಪೈಲರೇ ಗದರಿಸುತ್ತದೆ.

ಫೋಲಿಯೋ ಅನ್ನೋದು ಮುದ್ರಣದವರ ಮಾತು, ಮಡಚಿದ ಹಾಳೆ. ನಮ್ಮಲ್ಲಿ ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲು ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದಕ್ಕೆ ಕಡತ ಅನ್ನುತ್ತಿದ್ದರು. ಇವತ್ತು ಕಡತ ಎಂದರೆ ಫೈಲು. ಫೈಲನ್ನು ಫೋಲಿಯೋಗಳಲ್ಲಿ ಇಡುವ ಈ ಕೆಲಸಕ್ಕೆ ಕನ್ನಡದಲ್ಲಿ ಮೊದಲೇ ಪದ ಸಿದ್ಧವಿತ್ತು ಅನ್ನಿ. ಇಷ್ಟು ಅಡ್ಡಮಾತು ಸಾಕು.

ಇದು ಸುಲಭವಾಗಿ ಒಳಗೆ ಹೋಗಲಿಲ್ಲ. 2021ರಲ್ಲಿ 5.15 ಆವೃತ್ತಿಗೆ ಸೇರಿಸಿಕೊಳ್ಳಿ ಅಂತ ವಿಲ್ಕಾಕ್ಸ್ ಕೇಳಿದಾಗ ದೊಡ್ಡ ಚರ್ಚೆ ಎದ್ದಿತು. ಮೆಮೊರಿ ವಿಭಾಗದ ಹಿರಿಯರಲ್ಲಿ ಒಬ್ಬರಾದ ಯೋಹಾನ್ಸ್ ವೈನರ್ ಆಕ್ಷೇಪ ಎತ್ತಿದರು. ಫೈಲಿನ ಕ್ಯಾಶಿಗೂ ಪ್ರೋಗ್ರಾಮಿನ ಸ್ವಂತ ಮೆಮೊರಿಗೂ ಒಂದೇ ಟೈಪು ಸರಿಯೇ, ಚಲ್ಲಾಪಿಲ್ಲಿಯಾದ ರ್ಯಾಮಿನಲ್ಲಿ ದೊಡ್ಡ ತುಂಡುಗಳು ನಿಜಕ್ಕೂ ಸಿಗುತ್ತವೆಯೇ ಎನ್ನುವುದು ಅವರ ಪ್ರಶ್ನೆ. ಹೆಸರಿನ ಮೇಲೂ ಜಗ್ಗಾಟ ನಡೆದು 'ಪೇಜ್‌ಸೆಟ್' ಅನ್ನೋದೂ ಬಂದು ಹೋಯಿತು. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಆ ಸಲ ಸೇರಿಸಿಕೊಳ್ಳಲಿಲ್ಲ. ಮುಂದಿನ ಸುತ್ತಿನಲ್ಲಿ, 2022ರ ಜನವರಿಯಲ್ಲಿ ಬಂದ 5.16ರಲ್ಲಿ, ಫೋಲಿಯೋ ಒಳಗೆ ಬಂತು. ಆಕ್ಷೇಪಗಳು ಪೊಳ್ಳಾಗಿದ್ದವು ಅಂತ ನಾನು ಹೇಳುವುದಿಲ್ಲ. ರ್ಯಾಮು ಚಲ್ಲಾಪಿಲ್ಲಿಯಾಗುವ ಪ್ರಶ್ನೆ ಇವತ್ತಿಗೂ ಜೀವಂತ.

ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವ ನಾಲ್ಕು ಜನರ ಕುಟುಂಬ ನೆನಪಿಸಿಕೊಳ್ಳಿ. ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಇವೆ, ಆದರೆ ಒಟ್ಟಿಗೆ ನಾಲ್ಕು ಇಲ್ಲ. ಫೋಲಿಯೋಗೆ ಪಕ್ಕಪಕ್ಕದ ಪುಟಗಳೇ ಬೇಕು, ಅದೂ 2, 4, 8, 16 ಹೀಗೆ. ಸಿಗದಿದ್ದರೆ? ಕರ್ನಲ್ ಹಟ ಹಿಡಿಯುವುದಿಲ್ಲ, ಬಿಡಿ ಬಿಡಿ ಸೀಟಿನಲ್ಲಿ ಕೂತು ಪ್ರಯಾಣ ಮುಂದುವರಿಸುತ್ತದೆ. ದೊಡ್ಡ ಫೋಲಿಯೋ ಒಂದು ಅನುಕೂಲ, ಹಕ್ಕಲ್ಲ. ವಿಲ್ಕಾಕ್ಸ್ ಅವರ ಇನ್ನೊಂದು ವಾದವೂ ಇದೆ: ಎಲ್ಲರೂ ಗುಂಪಿನಲ್ಲೇ ಹತ್ತಿ ಗುಂಪಿನಲ್ಲೇ ಇಳಿದರೆ ಸೀಟುಗಳೂ ಗುಂಪಾಗಿಯೇ ಖಾಲಿಯಾಗುತ್ತವೆ.

ಎಷ್ಟು ದೊಡ್ಡದು ಕೇಳಬೇಕು ಅಂತ ತೀರ್ಮಾನಿಸುವುದು ಯಾರು? ಬಳಕೆದಾರರಂತೂ ಅಲ್ಲ. ಮುಂಗಡ ಓದು, ಅಂದರೆ ರೀಡ್‌ಅಹೆಡ್. ನೀವು ಫೈಲನ್ನು ಸಾಲಾಗಿ ಓದುತ್ತಿದ್ದರೆ ಮುಂದಿನದನ್ನು ಕೇಳುವ ಮೊದಲೇ ಕರ್ನಲ್ ತಂದಿಡುತ್ತದೆ. ಹೀಗೆ ಮುಂಗಡವಾಗಿ ತರುವ ಅಳತೆಗೆ ಕಿಟಕಿ ಅನ್ನುತ್ತಾರೆ, ಅದರ ಗಾತ್ರ ಮಾಮೂಲಾಗಿ 128 ಕೆಬಿ. ತಂದಿಟ್ಟದ್ದರಲ್ಲಿ ಒಂದರ ಮೇಲೆ ಗುರುತು ಹಾಕಿರುತ್ತದೆ. ನಿಮ್ಮ ಓದು ಆ ಗುರುತಿಗೆ ತಲುಪಿತು ಅಂದರೆ "ಇವರು ನಿಲ್ಲಿಸುವವರಲ್ಲ" ಅಂತ ಮುಂದಿನ ಕಂತು ತರಿಸುತ್ತದೆ. 2022ರಲ್ಲಿ ಮೊದಲು ಬಂದ ರೂಪದಲ್ಲಿ, ಗುರುತು ಮುಟ್ಟಿದಾಗಲೆಲ್ಲ ಫೋಲಿಯೋದ ಗಾತ್ರ ಎರಡು ಮೆಟ್ಟಿಲು ಏರುತ್ತಿತ್ತು. ಮೊದಲು 4 ಕೆಬಿ, ಆಮೇಲೆ 16, ಆಮೇಲೆ 64, ಕಿಟಕಿಯ ಅಳತೆ ಮೀರದ ಹಾಗೆ. ಎರಡು ಸಾಲಿನ ಕಾನ್ಫಿಗ್ ಫೈಲು ಗುರುತಿನವರೆಗೆ ಹೋಗುವುದೇ ಇಲ್ಲ, ಹಾಗಾಗಿ ಸಣ್ಣದರಲ್ಲೇ ಉಳಿಯುತ್ತದೆ. ಸಿನಿಮಾ ಫೈಲು ಮೂರು ಹೆಜ್ಜೆಯಲ್ಲಿ ದೊಡ್ಡದಕ್ಕೆ ಏರುತ್ತದೆ. 64 ಕೆಬಿ ಪುಟದ ಕರ್ನಲ್ಲಿಗೆ ಆಗದ ಕೆಲಸ ಇದು. ಮೊದಲ ದಿನಗಳಲ್ಲೇ ವಿಲ್ಕಾಕ್ಸ್ ಕರ್ನಲ್ ಕಂಪೈಲ್ ಮಾಡಿ ನೋಡಿ ಶೇ. 7ರವರೆಗೆ ವೇಗ ಹೆಚ್ಚಿದ್ದನ್ನು ಹೇಳಿದ್ದರು. ಕಂಪೈಲ್ ಎಂದರೆ ಬಹುಪಾಲು ಸಿಪಿಯು ಕೆಲಸ. ಅಲ್ಲಿ ಏಳು ಅಂದರೆ ನನ್ನ ಲೆಕ್ಕದಲ್ಲಿ ಸಣ್ಣದಲ್ಲ.

ಓದುವುದು ಸಲೀಸು. ಬರೆಯುವಾಗ ಕಷ್ಟ ಶುರು.

64 ಕೆಬಿಯ ತುಂಡೊಂದು ಕ್ಯಾಶಿನಲ್ಲಿದೆ. ಡೇಟಾಬೇಸು ಅದರಲ್ಲಿ 4 ಕೆಬಿ ಮಾತ್ರ ಬದಲಿಸಿತು. 'ಕೊಳೆಯಾಗಿದೆ' ಅನ್ನುವ ಗುರುತು ಇಡೀ ತುಂಡಿಗೆ ಒಂದೇ. ಡಿಸ್ಕಿಗೆ ಬರೆಯುವಾಗ 64 ಕೆಬಿಯನ್ನೂ ಬರೆಯಬೇಕಾಯಿತು. ತುದಿ ಕೊಳೆಯಾಯಿತು ಅಂತ ಇಡೀ ಜಮಖಾನ ಒಗೆದ ಹಾಗೆ. 64 ಕೆಬಿ ಪುಟದ ಪವರ್ ಯಂತ್ರಗಳಲ್ಲಿ ಈ ನೋವು ಮೊದಲೇ ಇತ್ತು. ರಿತೇಶ್ ಹರ್ಜಾನಿ ಎನ್ನುವ ಕರ್ನಲ್ ಡೆವಲಪರ್ ಇದಕ್ಕೆ ಕೈ ಹಾಕಿದರು. ತುಂಡಿನೊಳಗೆ ಯಾವ ಯಾವ ಬ್ಲಾಕು (ಡಿಸ್ಕಿನಲ್ಲಿ ಜಾಗ ಹಂಚುವ ಅಳತೆ) ಕೊಳೆಯಾಗಿದೆ ಅಂತ ಒಂದೊಂದಕ್ಕೆ ಒಂದೊಂದು ಬಿಟ್ ಇಟ್ಟರು. ತಮ್ಮ ಪ್ಯಾಚಿನ, ಅಂದರೆ ಕೋಡಿನ ತಿದ್ದುಪಡಿಯ, ಜೊತೆ ಅವರು ಕೊಟ್ಟ ಅಂಕಿ ನೋಡಿ: ಪವರ್ ಯಂತ್ರ, 64 ಕೆಬಿ ಪುಟ, ಎಕ್ಸ್‌ಎಫ್‌ಎಸ್ ಎನ್ನುವ ಫೈಲ್‌ಸಿಸ್ಟಂನಲ್ಲಿ 4 ಕೆಬಿ ಬ್ಲಾಕು. ಬರೆಯುವ ವೇಗ ಸೆಕೆಂಡಿಗೆ ಸುಮಾರು 28 ಎಂಬಿ ಇದ್ದದ್ದು 452 ಎಂಬಿಗೆ ಏರಿತು. 64ನ್ನು 4ರಿಂದ ಭಾಗಿಸಿದರೆ 16. ಆ 452ನ್ನು 28ರಿಂದ ಭಾಗಿಸಿದರೂ 16. ಲೆಕ್ಕ ಇಷ್ಟು ಚೊಕ್ಕವಾಗಿ ಕೂರುವುದು ನಮ್ಮ ಕಸುಬಿನಲ್ಲಿ ಅಪರೂಪ. ಇದು 2023ರ 6.6 ಆವೃತ್ತಿಗೆ ಸೇರಿತು. ಬರೆಯುವ ದಾರಿಯಲ್ಲೂ ದೊಡ್ಡ ಫೋಲಿಯೋ ಕೊಡುವ ವಿಲ್ಕಾಕ್ಸ್ ಅವರ ಕೆಲಸ ಸೇರಿದ್ದೂ ಅದೇ 6.6ಕ್ಕೆ. ಒಂದಿಲ್ಲದೆ ಇನ್ನೊಂದು ಬಂದಿದ್ದರೆ ಡೇಟಾಬೇಸಿನವರು ಮತ್ತೆ "ಆಫ್ ಮಾಡಿ" ಅಂತ ಕೈಪಿಡಿ ಬರೆಯುತ್ತಿದ್ದರೋ ಏನೋ.

ಇನ್ನೊಂದು ಕತೆ. ಇದನ್ನು ಹೇಳದೆ ಹೋದರೆ ನಾನು ಬರೀ ಗುಣಗಾನ ಮಾಡಿದ ಹಾಗಾಗುತ್ತದೆ.

2024ರ ಸೆಪ್ಟೆಂಬರಿನಲ್ಲಿ ಒಂದು ದೂರು ಬಂತು. ಎಕ್ಸ್‌ಎಫ್‌ಎಸ್ ಮತ್ತು ದೊಡ್ಡ ಫೋಲಿಯೋ ಸೇರಿದ ಕಡೆ ಡೇಟಾ ಕೆಡುತ್ತಿದೆ, 6.1ರಿಂದಲೂ ಹೀಗಿದೆ ಅಂತ. ಯಾವಾಗಲೋ ಒಮ್ಮೆ, ಮೆಮೊರಿ ಒತ್ತಡ ಇದ್ದಾಗ. ಬೇಕೆಂದಾಗ ಮರುಕಳಿಸಲು ಒಪ್ಪದ ಬಗ್. ಟೋರ್ವಾಲ್ಡ್ಸ್, ಕರ್ನಲ್ ಡೆವಲಪರುಗಳಾದ ಕ್ರಿಸ್ ಮೇಸನ್, ಯೆನ್ಸ್ ಆಕ್ಸ್‌ಬೊ ಎಲ್ಲರೂ ಹುಡುಕಲು ಇಳಿದರು.

ನಡೆಯುತ್ತಿದ್ದದ್ದು ಇದು. ಕ್ಯಾಶಿನಲ್ಲಿ ಯಾವ ಫೋಲಿಯೋ ಎಲ್ಲಿದೆ ಅಂತ ಎಕ್ಸ್‌ಅರೇ ಎನ್ನುವ ಮರದಲ್ಲಿ ಬರೆದಿರುತ್ತದೆ. ಒಂದು ದೊಡ್ಡ ಫೋಲಿಯೋವನ್ನು ಹೊರಹಾಕಿದರೂ ಅದರ ಜಾಗದಲ್ಲಿ ಒಂದು ನೆರಳು ನಮೂದು ಉಳಿಯುತ್ತದೆ, ಇಂಥದ್ದು ಇಲ್ಲಿತ್ತು ಅಂತ. ಹದಿನಾರು ಪುಟದ ಫೋಲಿಯೋ ಆಗಿದ್ದರೆ ನೆರಳೂ ಹದಿನಾರು ಪುಟದ್ದು. ಈಗ ಅದೇ ಜಾಗಕ್ಕೆ ಸಣ್ಣ ಫೋಲಿಯೋ ಬಂತು. ನೆರಳನ್ನು ಒಡೆಯಬೇಕು, ಒಡೆಯಲು ಸ್ವಲ್ಪ ಮೆಮೊರಿ ಬೇಕು. ಕೋಡು ಬೀಗ ಹಿಡಿಯದೆ ನೆರಳಿನ ಗಾತ್ರ ನೋಡಿಕೊಂಡಿತು, ಹೋಗಿ ಮೆಮೊರಿ ತಂದಿತು, ಆಮೇಲೆ ಬೀಗ ಹಾಕಿ ಒಡೆಯಿತು. ಹೋಗಿ ಬರುವಷ್ಟರಲ್ಲಿ ಇನ್ನೊಂದು ಸಿಪಿಯು ಆ ನಮೂದನ್ನು ಬದಲಿಸಿಬಿಟ್ಟಿದ್ದರೆ? ಹಳೆಯ ಅಳತೆ ಹಿಡಿದು ಹೊಸ ಬಟ್ಟೆ ಕತ್ತರಿಸಿದ ಹಾಗಾಯಿತು. ಮರದಲ್ಲಿ ಫೋಲಿಯೋ ತನ್ನದಲ್ಲದ ಜಾಗದಲ್ಲಿ ಕೂತಿತು.

ತಮಾಷೆ ಎಂದರೆ, ಇದನ್ನು ಸರಿಪಡಿಸಿದ ಪ್ಯಾಚು ಅಷ್ಟರಲ್ಲಿ 6.10ಕ್ಕೆ ಸೇರಿಯೂ ಆಗಿತ್ತು. ಕೈರುಯಿ ಸಾಂಗ್ ಎನ್ನುವವರು ವೇಗ ಹೆಚ್ಚಿಸಲೆಂದು ಬರೆದದ್ದು. ಮರದಲ್ಲಿ ಎರಡೆರಡು ಸಲ ಇಳಿಯುವುದು ಯಾಕೆ, ಬೀಗ ಹಿಡಿದೇ ಗಾತ್ರ ನೋಡೋಣ ಅಂತ ಕೋಡನ್ನು ಮರುಜೋಡಿಸಿದ್ದರು. ಬಗ್ ಅದರ ಜೊತೆ ತಾನಾಗೇ ಹೋಗಿತ್ತು. ಹಳೆಯ ಸ್ಥಿರ ಆವೃತ್ತಿಗಳಲ್ಲಿ ಇದ್ದವರಿಗೆ ಮಾತ್ರ ಅದು ಸಿಕ್ಕಿರಲಿಲ್ಲ, ಯಾಕೆಂದರೆ ಅದಕ್ಕೆ 'ಬಗ್ ಪರಿಹಾರ' ಎನ್ನುವ ಚೀಟಿ ಯಾರೂ ಅಂಟಿಸಿರಲಿಲ್ಲ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ದೊಡ್ಡ ಫೋಲಿಯೋವನ್ನು ಮೊದಲು ಬಳಸಿದ ಪ್ರಮುಖ ಫೈಲ್‌ಸಿಸ್ಟಂ ಎಕ್ಸ್‌ಎಫ್‌ಎಸ್, 2022ರಲ್ಲಿ. ಪ್ರೋಗ್ರಾಮಿನ ಸ್ವಂತ ಮೆಮೊರಿಗೂ ನಡುವಿನ ಗಾತ್ರಗಳು 2024ರ 6.8ರಲ್ಲಿ ಬಂದವು, ಆರ್ಮ್‌ನ ರಯಾನ್ ರಾಬರ್ಟ್ಸ್ ಅವರ ಕೆಲಸ. ಅದೇ ವರ್ಷ 6.12ರಲ್ಲಿ ಇನ್ನೊಂದು ಹಳೆಯ ಗಂಟು ಬಿಚ್ಚಿತು. ಪವರ್ ಯಂತ್ರದಲ್ಲಿ 64 ಕೆಬಿ ಬ್ಲಾಕಿನೊಂದಿಗೆ ಸಿದ್ಧಪಡಿಸಿದ ಎಕ್ಸ್‌ಎಫ್‌ಎಸ್ ಡಿಸ್ಕನ್ನು ನಮ್ಮ ಇಂಟೆಲ್ ಯಂತ್ರಕ್ಕೆ ಸಿಕ್ಕಿಸಿದರೆ ಅದು ಮೌಂಟೇ ಆಗುತ್ತಿರಲಿಲ್ಲ, ಬ್ಲಾಕು ಪುಟಕ್ಕಿಂತ ದೊಡ್ಡದು ಅಂತ. ಈಗ ಬ್ಲಾಕಿನಷ್ಟು ದೊಡ್ಡ ಫೋಲಿಯೋ ಕೊಡಿಸಿ ಮೌಂಟ್ ಮಾಡಬಹುದು. ನಮ್ಮಲ್ಲಿ ಹೆಚ್ಚಿನವರು ಬಳಸುವ ಫೈಲ್‌ಸಿಸ್ಟಂ ಇಎಕ್ಸ್‌ಟಿ4ಗೆ ದೊಡ್ಡ ಫೋಲಿಯೋ ಬಂದದ್ದು 2025ರಲ್ಲಿ, 6.16ಕ್ಕೆ. ಆ 64 ಬೈಟಿನ ಚೀಟಿಯನ್ನೇ 8 ಬೈಟಿಗೆ ಇಳಿಸುವ ಯೋಜನೆಯೂ ವಿಲ್ಕಾಕ್ಸ್ ಅವರ ತಲೆಯಲ್ಲಿದೆ. ಆದರೆ ಅದಕ್ಕೆ ಪೇಜ್ ಅಂತ ಬರೆದ ಕಡೆಯೆಲ್ಲ ಬದಲಾಗಬೇಕು, ಕರ್ನಲ್ಲಿನ ತುಂಬ ಅದೇ ಇದೆ.

ಪ್ರಶ್ನೆಗಳ ಹೊತ್ತಿಗೆ ಹುಡುಗಿಯೊಬ್ಬರು ಕೇಳಿದರು: "ಸರ್, ಇದಕ್ಕೆ ನಮ್ಮ ಪ್ರೋಗ್ರಾಮಲ್ಲಿ ಏನಾದ್ರೂ ಬದಲಾಯಿಸ್ಬೇಕಾ?" ಬೇಡಮ್ಮ. ಫೈಲನ್ನು ಸಾಲಾಗಿ ಓದುವುದಾದರೆ ಸಾಲಾಗಿಯೇ ಓದಿ, ಸುಮ್ಮನೆ ಹಿಂದೆ ಮುಂದೆ ಜಿಗಿಯಬೇಡಿ, ಅಷ್ಟೇ. ಗುರುತು ಮುಟ್ಟಿದರೆ ಉಳಿದದ್ದು ಕರ್ನಲ್ ನೋಡಿಕೊಳ್ಳುತ್ತದೆ.

ಎಲ್ಲ ಮುಗಿದ ಮೇಲೆ ಮುಂದಿನ ಸಾಲಿನ ಆ ಹುಡುಗರು ಲ್ಯಾಪ್‌ಟಾಪ್ ಹಿಡಿದುಕೊಂಡು ಮತ್ತೆ ಬಂದರು. ಇಬ್ಬರೂ ಸೇರಿ ನೋಡಿದೆವು. ಕರ್ನಲ್ 6.8, ಫೈಲ್‌ಸಿಸ್ಟಂ ಇಎಕ್ಸ್‌ಟಿ4. ಅಂದರೆ ಅವರ 11 ಜಿಬಿ ಕ್ಯಾಶಿನಲ್ಲಿ ಫೈಲುಗಳೆಲ್ಲ ಇನ್ನೂ 4 ಕೆಬಿಯ ತುಂಡುಗಳಲ್ಲೇ ಕೂತಿವೆ. ಫೋನಿನಲ್ಲಿ ಗುಣಿಸಿ ನೋಡಿದರು, ಹೆಚ್ಚುಕಡಿಮೆ 28 ಲಕ್ಷದ 83 ಸಾವಿರ ಚೀಟಿ.

"ಹಂಗಾದ್ರೆ ಇವತ್ತೇ ಅಪ್‌ಗ್ರೇಡ್ ಮಾಡ್ಲಾ ಸರ್?"

"ಪ್ರಾಜೆಕ್ಟ್ ಸಬ್‌ಮಿಶನ್ ಯಾವಾಗ?"

"ಗುರುವಾರ."

"ಹಾಗಾದ್ರೆ ಶುಕ್ರವಾರ ಮಾಡಿ."